ಮೇಣಕ್ಕಿಂತ ಮೊದಲು ಬಣ್ಣದ ಪರೀಕ್ಷೆ

ಹೊಸೂರಿನ ಸಮೀಪದ ತೊರಪಲ್ಲಿ ಅಗ್ರಹಾರದಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿಯವರು ಜನಿಸಿದ್ದು 1878ರಲ್ಲಿ. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು ಅದಾದ 8 ವರ್ಷಗಳಿಗೆ, 1886ರಲ್ಲಿ. ಇಂದು ಹೊಸೂರಿನ ಸುತ್ತ ಲಾರಿ, ಬೈಕುಗಳ ಕಾರ್ಖಾನೆಗಳೇ ಇವೆ; ಹಳ್ಳಿಯ ಮನೆಗಳ ಮುಂದೆಯೂ ಕಾರು ನಿಲ್ಲುತ್ತದೆ. ಎರಡನೆಯ ಕೈಯಿಂದ ಕೊಂಡ ಕಾರೂ ಉಂಟು, ಬಾಡಿಗೆಗೆ ಓಡಿ ಸಂಸಾರವನ್ನು ಸಾಕುವ ಕಾರೂ ಉಂಟು. ಅಂಥ ಕಾರನ್ನು ಮಾರುವ ದಿನ ಕೊಳ್ಳುವವನ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ. ಆದುದರಿಂದಲೇ 'ಯಾವ ಮೇಣ ಒಳ್ಳೆಯದು?' ಎಂದು ಅಂಗಡಿಯಲ್ಲಿ ಕೇಳುವವರು ಬಹಳ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, 'ಕಾರಿನ ಮೇಲಿರುವ ಬಣ್ಣ ಯಾವ ಬಗೆಯದು?' ಎಂಬುದು.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಕಾರುಗಳಿಗೆ ಹೆಚ್ಚಾಗಿ ಒಂದೇ ಬಗೆಯ ಎನಾಮಲ್ ಬಣ್ಣವಿರುತ್ತಿತ್ತು. ವರ್ಣವೂ ಹೊಳಪೂ ಅದೇ ಪದರದಲ್ಲಿ. ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಕೆಳಗೆ ವರ್ಣದ ಪದರ, ಅದರ ಮೇಲೆ ನಿರ್ವರ್ಣವಾದ ಕ್ಲಿಯರ್‌ಕೋಟ್. ಈ ಮೇಲ್ಪದರದ ದಪ್ಪ ಸುಮಾರು 40ರಿಂದ 50 ಮೈಕ್ರಾನ್ ಮಾತ್ರ. ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಉಜ್ಜಿದಷ್ಟೂ ಅದು ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯುವುದು ಸುಲಭ. ಬಿಳಿಯ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಬಾಗಿಲಿನ ಒಳಅಂಚಿನಂಥ ಮರೆಯ ಜಾಗದಲ್ಲಿ ಮೆಲ್ಲನೆ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಒಂಟಿಪದರ. ಹತ್ತದಿದ್ದರೆ ಬಹುಮಟ್ಟಿಗೆ ಕ್ಲಿಯರ್‌ಕೋಟ್.

ಮಂಕಾಗಿ ಪುಡಿಯೇಳುವ ಹಳೆಯ ಒಂಟಿಪದರಕ್ಕೆ ಮೊದಲು ಮೃದುವಾದ ಪಾಲಿಶ್, ಆಮೇಲೆ ಕಾರ್ನೌಬಾ ಮೇಣ ಒಪ್ಪುತ್ತದೆ. ಕಾರ್ನೌಬಾ ಎಂಬುದು ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಬೆಳೆಯುವ ಒಂದು ತಾಳೆಯ ಎಲೆಯ ಮೇಣ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಇದು ಕರಗಲು 80 ಡಿಗ್ರಿಗೂ ಮೀರಿದ ಶಾಖ ಬೇಕು. ಆದರೂ ಡಬ್ಬಿಯಲ್ಲಿರುವುದು ಎಣ್ಣೆ, ದ್ರಾವಕಗಳು ಬೆರೆತ ಮಿಶ್ರಣವಾದ್ದರಿಂದ ನಿತ್ಯ ಬಿಸಿಲಿನಲ್ಲಿ ನಿಲ್ಲುವ ಕಾರಿನ ಮೇಲೆ ಅದು ಕೆಲವು ವಾರಗಳಷ್ಟೇ ಬಾಳಬಹುದು. ಬಾಡಿಗೆ ಕಾರಿಗೆ, ಅದರಲ್ಲಿಯೂ ಬಿಳಿಯದಕ್ಕೆ, ಕೆಲವು ತಿಂಗಳು ನಿಲ್ಲುವ ಕೃತಕ ಸೀಲೆಂಟ್ ಹೆಚ್ಚು ಅನುಕೂಲ. ಕಪ್ಪು, ಕಡುನೀಲಿಗಳಲ್ಲಿ ಸಣ್ಣ ಗೀರೂ ಎದ್ದು ಕಾಣುವುದರಿಂದ ಉಜ್ಜುಪುಡಿ ಬೆರೆತ 'ಕ್ಲೀನರ್ ವ್ಯಾಕ್ಸ್'ಗಳನ್ನು ಅವುಗಳಿಂದ ದೂರವಿಡುವುದು ಕ್ಷೇಮ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಸಾಮಾನ್ಯ ಮೇಣವೂ ಪಾಲಿಶೂ ಸಲ್ಲವು. ಅದಕ್ಕೆಂದೇ ತಯಾರಾದುದನ್ನು ಮಾತ್ರ ಬಳಸಬೇಕು. ಹೊಸದಾಗಿ ಬಣ್ಣ ಬಳಿಸಿದ ಭಾಗದಿಂದ ದ್ರಾವಕ ಆರಿಹೋಗಲು ಅವಕಾಶ ಬೇಕು. ಬಣ್ಣದ ಬಗೆಗೆ ತಕ್ಕಂತೆ 30ರಿಂದ 90 ದಿನ ತಡೆಯುವುದು ರೂಢಿ.

ಇನ್ನು ಮೇಣದ ಪರೀಕ್ಷೆ. ಇದಕ್ಕೆ ಯಂತ್ರ ಬೇಡ. ಶಾಲೆಯ ಮಕ್ಕಳೂ ನಡೆಸಬಲ್ಲ ಪ್ರಯೋಗವಿದು. ನೆರಳಿನಲ್ಲಿ, ತಣ್ಣಗಿರುವ ಬಾನೆಟ್ಟನ್ನು ತೊಳೆದು ಒರೆಸಬೇಕು. ಬೆರಳುಗಳಿಗೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ ಮೇಲ್ಮೈಯನ್ನು ಸವರಿದಾಗ ಮರಳು ತಗುಲಿದಂತಾದರೆ ಕೊಳೆ ಇನ್ನೂ ಅಂಟಿಕೊಂಡಿದೆ ಎಂದರ್ಥ. ಅದರ ಮೇಲೆ ಬಳಿದ ಯಾವ ಮೇಣವೂ ಸರಿಯಾಗಿ ಹಿಡಿಯದು. ಶುಚಿಯಾದ ಮೇಲೆ ಮಾಸ್ಕಿಂಗ್ ಟೇಪಿನಿಂದ ಮೂರು ಚೌಕ ಮಾಡಿ, ಎರಡಕ್ಕೆ ಬೇರೆ ಬೇರೆ ಮೇಣವನ್ನು ತೆಳುವಾಗಿ ಹಚ್ಚಿ, ಮೂರನೆಯದನ್ನು ಹಾಗೆಯೇ ಬಿಡಬೇಕು. ಆ ಬರಿಯ ಚೌಕವಿಲ್ಲದೆ ಮೇಣದಿಂದ ಆದ ಲಾಭವೆಷ್ಟೆಂದು ಹೇಳಲಾಗದು. ವಾರಕ್ಕೊಮ್ಮೆ ಒಂದೇ ಸೋಪಿನಿಂದ ಮೂರನ್ನೂ ತೊಳೆದು, ನೀರು ಮಣಿಯಾಗಿ ನಿಲ್ಲುತ್ತದೆಯೇ, ಹರಡಿಕೊಳ್ಳುತ್ತದೆಯೇ, ಕೊಳೆ ಎಷ್ಟು ಸುಲಭವಾಗಿ ಬಿಡುತ್ತದೆ ಎಂಬುದನ್ನು ದಿನಾಂಕ ಸಹಿತ ಬರೆದಿಡಬೇಕು.

ನೀರಿನ ಮಣಿಗಳ ಚೆಲುವಿಗೆ ಮಾತ್ರ ಮರುಳಾಗಬಾರದು. ಕೊಳವೆ ಬಾವಿಯ ಗಡಸು ನೀರಿನ ಮಣಿ ಬಿಸಿಲಿಗೆ ಆರಿದರೆ ಸುಣ್ಣದ ಬಿಳಿಕಲೆ ಉಳಿಯುತ್ತದೆ. ತೊಳೆದೊಡನೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಬೇಕು. ಹಕ್ಕಿಯ ಹಿಕ್ಕೆಯನ್ನೂ ಮರದ ಅಂಟನ್ನೂ ಆ ದಿನವೇ ನೆನೆಸಿ ತೆಗೆಯಬೇಕು. ಮೇಣವಿದ್ದರೆ ಅವು ಬಣ್ಣವನ್ನು ಕಚ್ಚುವುದು ತಡವಾಗುತ್ತದೆಯೇ ಹೊರತು ತಪ್ಪುವುದಿಲ್ಲ.

ಒಂದೆರಡು ತಿಂಗಳಲ್ಲಿ ಮನೆಯ ಪುಸ್ತಕದಲ್ಲಿ ದೊರೆಯುವ ಉತ್ತರ ಆ ಕಾರಿನ ಬಣ್ಣಕ್ಕೆ, ಆ ಊರಿನ ನೀರಿಗೆ, ಆ ಅಂಗಳದ ಬಿಸಿಲಿಗೆ ಹೊಂದಿದ ಉತ್ತರ. ಎರಡು ಚೌಕಗಳೂ ಸಮನಾಗಿ ಉಳಿದಿದ್ದರೆ ಅಗ್ಗದ ಡಬ್ಬಿಯೇ ಸಾಕು. ಉಳಿದ ಹಣಕ್ಕೆ ನಾಲ್ಕು ಒಳ್ಳೆಯ ಬಟ್ಟೆಗಳನ್ನು ಕೊಳ್ಳಬಹುದು.