ಸೋಮಾರಿತನ ಯಾವ ಕಾಯಿಲೆ ಸ್ವಾಮೀ?



ಓಡಿಹೋಗೋದೇ ಒಂದು ಕಾಯಿಲೆ ಅಂತ ಬರೆದ ಡಾಕ್ಟರೊಬ್ಬ ಇದ್ದ. ಹೆಸರು ಸ್ಯಾಮುಯೆಲ್ ಕಾರ್ಟ್‌ರೈಟ್, ಅಮೆರಿಕದ ಲೂಸಿಯಾನಾದವನು. ಕರಿಯರನ್ನು ದನದ ಹಾಗೆ ಕೊಂಡು ಮಾರುತ್ತಿದ್ದ ಕಾಲ. ಯಜಮಾನನ ಹೊಲದಿಂದ ತಪ್ಪಿಸಿಕೊಂಡು ಓಡುವ ಗುಲಾಮನಿಗೆ 'ಡ್ರಾಪೆಟೊಮೇನಿಯಾ' ಎಂಬ ಮನೋರೋಗ ಹಿಡಿದಿದೆ ಅಂತ 1851ರಲ್ಲಿ ವೈದ್ಯರ ಸಂಘಕ್ಕೆ ವರದಿ ಒಪ್ಪಿಸಿದ. ಲಕ್ಷಣ: ಮುಖ ಗಂಟಿಕ್ಕಿಕೊಂಡಿರೋದು. ಮದ್ದು: ಚಾಟಿ.

ಇನ್ನೊಂದು ರೋಗವನ್ನೂ ಕಂಡುಹಿಡಿದ. ಕೆಲಸದಲ್ಲಿ ಮನಸ್ಸಿಲ್ಲ, ಮೈ ಜಡ, ಚರ್ಮದ ಮೇಲೆ ಗಾಯ. ಮೇಸ್ತ್ರಿಗಳು ಇದನ್ನ ಪುಂಡಾಟ ಅಂತಾರೆ, ಅಲ್ಲ, ಇದು ರೋಗ ಎಂದ. ಚಿಕಿತ್ಸೆ ಕೇಳಿ: ಮೈ ತೊಳೆದು ಎಣ್ಣೆ ಹಚ್ಚಿ, ಆ ಎಣ್ಣೆಯನ್ನು ಅಗಲವಾದ ತೊಗಲಿನ ಪಟ್ಟಿಯಿಂದ ಬಡಿದು ಇಳಿಸಿ, ಬಿಸಿಲಲ್ಲಿ ಗೇಯಲು ಹಚ್ಚೋದು. ಬೆನ್ನ ಮೇಲಿನ ಗಾಯ ಯಾತರಿಂದ ಆಯ್ತು ಅಂತ ಈ ಪಂಡಿತ ಕೇಳಲೇ ಇಲ್ಲ.

ಇದು ರೋಗವಲ್ಲದ್ದಕ್ಕೆ ರೋಗದ ಹೆಸರಿಟ್ಟ ಕತೆ. ತಿರುಗುಮುರುಗು ಕತೆಯೂ ಅದೇ ದಕ್ಷಿಣ ರಾಜ್ಯಗಳಲ್ಲೇ ಇದೆ. ಅಲ್ಲಿನ ಬಡವರೆಲ್ಲ ಹುಟ್ಟು ಸೋಮಾರಿಗಳು ಅಂತ ಜರೀತಿದ್ದರು. 1902ರಲ್ಲಿ ಚಾರ್ಲ್ಸ್ ಸ್ಟೈಲ್ಸ್ ಎಂಬ ವಿಜ್ಞಾನಿ ತೋರಿಸಿದ, ಅದು ಕೊಕ್ಕೆಹುಳು ಅಂತ. ಬರಿಗಾಲಲ್ಲಿ ನಡೆಯೋರ ಪಾದದೊಳಗಿಂದ ಹೊಕ್ಕು ಕರುಳಲ್ಲಿ ಕೂತು ರಕ್ತ ಕುಡಿಯೋ ಹುಳು. ಚಪ್ಪಲಿಯಿಲ್ಲ, ಕಕ್ಕಸಿಲ್ಲ, ರಕ್ತವಿಲ್ಲ. ಬಿರುದು ಮಾತ್ರ ಸೋಮಾರಿ.

ನಮ್ಮ ಹಾಸ್ಟೆಲಿಗೆ ಬರೋಣ. ನಾನು ಪಿಯುಸಿಯಲ್ಲಿದ್ದಾಗ ರೂಮಿನ ಗೆಳೆಯನೊಬ್ಬ ಬೆಳಿಗ್ಗೆ ಏಳ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಕದ್ದು ಸುಣ್ಣದ ಕಡ್ಡಿ ತಿನ್ನೋನು. 'ಬಿಟ್ಟಿ ಕೂಳು ತಿಂದು ಕೊಬ್ಬು' ಅಂತ ವಾರ್ಡನ್ನು ಎಲ್ಲರೆದುರು ಬಯ್ದರು. ನಾವೂ ನಕ್ಕೆವು, ಸುಳ್ಳು ಯಾಕೆ ಹೇಳಲಿ. ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳು! ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕಮ್ಮಿಯಾದರೇ ರಕ್ತಹೀನತೆ. ಮಣ್ಣು, ಸುಣ್ಣ ತಿನ್ನೋ ಚಪಲ ಕೊಬ್ಬಲ್ಲ, ಕಬ್ಬಿಣದಂಶವಿಲ್ಲದ ರಕ್ತದ ಕೂಗು. ಕೆಳರೆಪ್ಪೆ ಎಳೆದು ನೋಡಿ, ಒಳಗೆ ಬಿಳಚಿಕೊಂಡಿದ್ದರೆ ಅನುಮಾನ ಪಡಿ, ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿ.

ಮನಸ್ಸಿನದೂ ಹಾಗೇ. ಎರಡು ವಾರ ದಾಟಿದರೂ ಮಂಕು ಬಿಡದೆ, ಇಷ್ಟದ ಆಟ, ಹಾಡು ಯಾವುದೂ ಬೇಡವಾಗಿ, ನಿದ್ದೆ ಊಟ ಕೆಟ್ಟು, 'ನಾನು ಯಾತಕ್ಕೂ ಬಾರದೋನು' ಅಂತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಮದ್ದಿದೆ. ನಮ್ಮ ಕೇರಿಯಲ್ಲಿ ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪು ಹೊಡೀತಾರೆ. ಕಾರ್ಟ್‌ರೈಟನ ತೊಗಲು ಪಟ್ಟಿಗೂ ಅದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ. ಸಾಯೋ ಮಾತಾಡಿದರೆ ನಗಬೇಡಿ, ಒಬ್ಬನೇ ಬಿಡಬೇಡಿ, 14416ಕ್ಕೆ ಫೋನ್ ಹಚ್ಚಿ. ಟೆಲಿ ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ತಾರೆ.

ಆದರೆ ನೀರುಸಾರಿನ ಲೆಕ್ಕ ಕೇಳಿದವನಿಗೆ 'ತಲೆ ಕೆಟ್ಟಿದೆ' ಅಂದರೆ ಅದನ್ನ ಒಪ್ಪಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮೂರನೇ ಕಲಮು ಓದಿ: ಒಬ್ಬನ ಸಾಮಾಜಿಕ ಸ್ಥಾನಮಾನ ನೋಡಿಯೋ, ಸುತ್ತಲಿನವರ ರೀತಿ ನೀತಿಗೆ ಒಗ್ಗಲಿಲ್ಲ ಅಂತಲೋ ಅವನಿಗೆ ಮನೋರೋಗವಿದೆ ಅಂತ ತೀರ್ಮಾನಿಸುವಂತಿಲ್ಲ. ಆ ಕಲಮನ್ನ ದೊಡ್ಡಕ್ಷರದಲ್ಲಿ ಬರೆದು ಊಟದ ಹಾಲಿನ ಗೋಡೆಗೆ ಅಂಟಿಸಿ. ವಾರ್ಡನ್ ಕಿತ್ತರೆ ಮರುದಿನ ಇನ್ನೊಂದು ಅಂಟಿಸಿ.