ಎರಡು ಲಿಪಿ ದಾಟಿದ ಊರುಗಳು

ಹೈದರಾಬಾದಿನ ಕಾಚಿಗೂಡದ ನೃಪತುಂಗ ವಿದ್ಯಾಸಂಸ್ಥೆ ಯಾವ ರಾಷ್ಟ್ರಕೂಟ ದೊರೆಯ ಹೆಸರನ್ನು ಹೊತ್ತಿದೆಯೋ ಆ ದೊರೆಯ ರಾಜಧಾನಿ ಮಳಖೇಡ ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿಗೆ ಸೇರಿದ ಊರು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ನಿಜಾಮ್ ಸಂಸ್ಥಾನದ ರೈಲುಮಾರ್ಗದಲ್ಲಿ ಮಳಖೇಡಕ್ಕೂ ಸೇಡಂಗೂ ನಿಲ್ದಾಣಗಳಿವೆ. ರೈಲ್ವೆಯ ರೋಮನ್ ಅಕ್ಷರಗಳಲ್ಲಿ ಮೊದಲನೆಯದು ‘ಮಲ್ಖೈಡ್ ರೋಡ್’ ಎಂದು ಓದಿಸಿಕೊಂಡರೆ, ಎರಡನೆಯದು ಸಂಸ್ಥಾನದ ಕಾಲದ ಇಂಗ್ಲಿಷ್ ದಾಖಲೆಗಳಲ್ಲಿ ‘ಸೇರಂ’ ಆಗಿತ್ತು. ಒಂದೇ ಮಾರ್ಗದ ಈ ಎರಡು ಹೆಸರುಗಳು ಕೆಟ್ಟದ್ದು ಬೇರೆ ಬೇರೆ ಕಾರಣಗಳಿಂದ. ಆ ಕಾರಣಗಳನ್ನು ಬಿಡಿಸಿ ನೋಡಿದರೆ, ವಸಾಹತು ಆಡಳಿತ ಊರುಗಳ ಹೆಸರಿಗೆ ಏಕರೂಪದ ಕಾಗುಣಿತ ಹೊಂದಿಸಲು ನಡೆಸಿದ ಪ್ರಯತ್ನದ ಅಳವು ಮತ್ತು ಅದರ ಕೊರತೆ ಎರಡೂ ತಿಳಿಯುತ್ತವೆ.

ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಗಳು, ಭೂಮಾಪಕರು ಹಾಗೂ ಕಂದಾಯದ ಅಧಿಕಾರಿಗಳು ಮೊದಮೊದಲು ಊರಿನ ಹೆಸರನ್ನು ಕಿವಿಗೆ ಬಿದ್ದಂತೆ ಬರೆದುಕೊಂಡರು. ಈ ಗೊಂದಲಕ್ಕೆ ಪರಿಹಾರವಾಗಿ ವಿಲಿಯಂ ಜೋನ್ಸ್ 1788ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಲಿಪ್ಯಂತರದ, ಅಂದರೆ ಒಂದು ಲಿಪಿಯ ಅಕ್ಷರಕ್ಕೆ ಇನ್ನೊಂದು ಲಿಪಿಯ ಅಕ್ಷರವನ್ನು ಗೊತ್ತುಮಾಡುವ, ಒಂದು ಕ್ರಮವನ್ನು ಪ್ರಕಟಿಸಿದನು. ಸ್ವರಗಳಿಗೆ ಇಟಾಲಿಯನ್ ಭಾಷೆಯ ಉಚ್ಚಾರವನ್ನೂ ವ್ಯಂಜನಗಳಿಗೆ ಇಂಗ್ಲಿಷಿನ ಉಚ್ಚಾರವನ್ನೂ ಇಟ್ಟುಕೊಳ್ಳುವುದು ಆ ಕ್ರಮದ ತಿರುಳಾಗಿತ್ತು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಹಿಂದುಸ್ತಾನಿ ಕಲಿಸುತ್ತಿದ್ದ ಜಾನ್ ಗಿಲ್‌ಕ್ರಿಸ್ಟ್ ಇದಕ್ಕೆ ಒಪ್ಪದೆ, ಇಂಗ್ಲಿಷರ ನಾಲಿಗೆಗೆ ಒಗ್ಗುವಂತೆ ಊಕಾರಕ್ಕೆ ಎರಡು ‘ಓ’, ಈಕಾರಕ್ಕೆ ಎರಡು ‘ಇ’, ಹ್ರಸ್ವ ಅಕಾರಕ್ಕೆ ‘ಯು’ ಎಂಬ ರೂಢಿಯನ್ನು ಹರಡಿದನು. ಸಿಕಂದರಾಬಾದಿನ ಇಂಗ್ಲಿಷ್ ಬರವಣಿಗೆಯಲ್ಲಿ ‘ಕಂ’ ಎಂಬಲ್ಲಿ ಇಂದಿಗೂ ‘ಯು’ ಕುಳಿತಿರುವುದು ಈ ಬಗೆಯ ಬರವಣಿಗೆಯ ಉಳಿಕೆ. ಮಳಖೇಡದ ಏಕಾರ ‘ಎ’ ಮತ್ತು ‘ಐ’ ಅಕ್ಷರಗಳ ಜೋಡಿಯಾದದ್ದೂ ಇದೇ ಸ್ವಭಾವದ ಬರವಣಿಗೆಯೇ. ಅದು ಇಂಗ್ಲಿಷ್ ಓದುಗನ ಕಣ್ಣಿಗೆ ಮಾಡಿಕೊಟ್ಟ ಅನುಕೂಲ.

ಆಡಳಿತ ಈ ಎರಡು ಮಾರ್ಗಗಳ ನಡುವೆ ಒಂದನ್ನು ಆರಿಸಲೇಬೇಕಾದ ಸಂದರ್ಭ 1869ರಲ್ಲಿ ಒದಗಿತು. ವೈಸರಾಯ್ ಮೇಯೋನ ಕಾಲದಲ್ಲಿ ಇಡೀ ದೇಶದ ಅಂಕಿಅಂಶ ಸಮೀಕ್ಷೆಯ ಹೊಣೆ ಹೊತ್ತ ವಿಲಿಯಂ ವಿಲ್ಸನ್ ಹಂಟರ್, ಊರುಗಳನ್ನು ಅಕಾರಾದಿಯಾಗಿ ಜೋಡಿಸಬೇಕಾದ ಗೆಜೆಟಿಯರನ್ನು, ಎಂದರೆ ಸ್ಥಳವಿವರಗಳ ಕೋಶವನ್ನು, ಸಿದ್ಧಪಡಿಸಬೇಕಿತ್ತು. ಒಂದೇ ಊರು ಮೂರು ಇಲಾಖೆಗಳಲ್ಲಿ ಮೂರು ಕಾಗುಣಿತ ಹೊಂದಿದ್ದರೆ ಕೋಶದಲ್ಲಿ ಅದು ಮೂರು ಊರಾಗುತ್ತದೆ. ಆದ್ದರಿಂದ ಹಂಟರ್ 1871ರಲ್ಲಿ ಭಾರತೀಯ ಹೆಸರುಗಳ ಕಾಗುಣಿತಕ್ಕೆ ಒಂದು ಕೈಪಿಡಿಯನ್ನು ಪ್ರಕಟಿಸಿ, ಜೋನ್ಸನ ಮಾರ್ಗವನ್ನು ಸರಳಗೊಳಿಸಿ, ದೀರ್ಘಸ್ವರದ ಮೇಲೆ ಒಂದು ಗೆರೆಯನ್ನಷ್ಟೇ ಉಳಿಸಿಕೊಂಡನು. ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಂತಹ ರೂಢಿಗೆ ಬಂದ ಹೆಸರುಗಳನ್ನು ನಿಯಮದಿಂದ ಹೊರಗಿಟ್ಟನು. ಈ ರಿಯಾಯಿತಿಯ ಅಂಚು ಎಲ್ಲಿ ಮುಗಿಯುತ್ತದೆಂಬುದು ಮಾತ್ರ ಎಂದೂ ನಿಶ್ಚಯವಾಗಲಿಲ್ಲ. ಹಂಟರನ ಗೆಜೆಟಿಯರಿನಲ್ಲಿ ನಿಯಮಕ್ಕೆ ತಕ್ಕಂತೆ ‘ಎಚ್-ಎ-ಐ’ಯಿಂದ ಆರಂಭವಾಗಿದ್ದ ಹೈದರಾಬಾದು, 1908ರ ಸುಮಾರಿಗೆ ಬಂದ 26 ಸಂಪುಟಗಳ ಹೊಸ ಆವೃತ್ತಿಯಲ್ಲಿ ಮತ್ತೆ ಹಳೆಯ ‘ಎಚ್-ವೈ’ಗೆ ಮರಳಿತು.

ಹಂಟರನ ಕೆಲಸದ ಹಿರಿಮೆಯನ್ನು ಅಲ್ಲಗಳೆಯಲಾಗದು. ಅವನ ಕ್ರಮವನ್ನೇ ಭಾರತೀಯ ಸರ್ವೇಕ್ಷಣ ಇಲಾಖೆ ಮುಂದುವರಿಸಿಕೊಂಡು ಬಂದಿದೆ. ಆದರೆ ಸಂಸ್ಕೃತ, ಪಾರಸಿ ಮತ್ತು ಹಿಂದುಸ್ತಾನಿಗಳಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ-ದೀರ್ಘ ಎಂಬ ಜೋಡಿ ಅಕ್ಷರಗಳಿಲ್ಲದ ಕಾರಣ, ಆ ಭಾಷೆಗಳನ್ನು ಮುಂದಿಟ್ಟುಕೊಂಡು ರೂಪಿಸಿದ ಕ್ರಮದಲ್ಲಿ ಕನ್ನಡದ ಎ-ಏ, ಒ-ಓ ವ್ಯತ್ಯಾಸಕ್ಕೆ ಎಡೆ ಸಿಗಲಿಲ್ಲ. ಲ-ಳ, ನ-ಣ, ತ-ಟ, ದ-ಡಗಳ ನಡುವಣ ಭೇದವೂ ಚುಕ್ಕೆ ಗುರುತುಗಳಿಲ್ಲದ ಸಾಮಾನ್ಯ ಮುದ್ರಣದಲ್ಲಿ ಅಳಿಸಿಹೋಯಿತು. ದಕ್ಷಿಣದ ಭಾಷೆಗಳಿಗೆ ಇವು ಜೀವಾಳವಾದ ಭೇದಗಳು ಎಂಬುದು ಕಲ್ಕತ್ತೆಯ ಕಚೇರಿಯಲ್ಲಿ ಕುಳಿತವರ ಲೆಕ್ಕಕ್ಕೆ ಬಂದಿರಲಿಲ್ಲ.

ಹೈದರಾಬಾದ್ ಸಂಸ್ಥಾನದ ಕನ್ನಡ ಊರುಗಳ ಕಥೆ ಇದಕ್ಕಿಂತ ತೊಡಕಿನದು. ಸಂಸ್ಥಾನ ಬ್ರಿಟಿಷರ ನೇರ ಆಳ್ವಿಕೆಯಲ್ಲಿರಲಿಲ್ಲ. ಅದರ ದಿವಾನ ಒಂದನೆಯ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ಎಂಬ ಜಿಲ್ಲಾ ಆಡಳಿತ ಕ್ರಮವನ್ನು ಜಾರಿಗೆ ತಂದಾಗ ಕಚೇರಿಗಳ ಭಾಷೆ ಪಾರಸಿಯಾಗಿತ್ತು. 1880ರ ದಶಕದಲ್ಲಿ ಆ ಸ್ಥಾನಕ್ಕೆ ಉರ್ದು ಬಂತು. ಹಾಗಾಗಿ ಕನ್ನಡದ ಊರೊಂದರ ಹೆಸರು ಮೊದಲು ಉರ್ದು ಲಿಪಿಗೆ ಇಳಿದು, ಅನಂತರ ಆ ಬರಹದಿಂದ ರೋಮನ್ ಲಿಪಿಗೆ ಏರುತ್ತಿತ್ತು. ಉರ್ದು ಬರಹದಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಳಕಾರಕ್ಕೆ ಅಕ್ಷರವಿಲ್ಲ, ‘ವಾವ್’ ಎಂಬ ಒಂದೇ ಅಕ್ಷರ ಊ, ಓ, ವ ಮೂರಕ್ಕೂ ಸಲ್ಲುತ್ತದೆ, ಪದದ ನಡುವೆ ಬರುವ ‘ಯೇ’ ಅಕ್ಷರವನ್ನು ಈ ಎಂದೂ ಏ ಎಂದೂ ಓದಬಹುದು. ಎರಡು ಸ್ವರಗಳ ನಡುವಣ ಡಕಾರಕ್ಕೆ ಅಲ್ಲಿ ರಕಾರದ ಮೇಲೆ ಗುರುತು ಹಾಕಿದ ಅಕ್ಷರವಿದೆ. ರೋಮನ್ನಿನಲ್ಲಿ ಅದನ್ನು ಚುಕ್ಕೆಯಿರುವ ‘ಆರ್’ ಎಂದು ಬರೆದು, ಮುದ್ರಣದಲ್ಲಿ ಚುಕ್ಕೆ ಬಿಟ್ಟುಹೋದರೆ ಸೇಡಂ ಸೇರಂ ಆಗುತ್ತದೆ. ಯಾದಗಿರಿ ಕೊನೆಯ ಸ್ವರ ಕಳೆದುಕೊಂಡು ‘ಯಾದ್ಗೀರ್’ ಆಯಿತು, ಸುರಪುರ ‘ಶೋರಾಪುರ್’ ಆಯಿತು, ಕಲಬುರಗಿ ‘ಗುಲ್ಬರ್ಗಾ’ ಆಗಿ ನಿಂತಿತು. ಹೆಸರುಗಳ ಈ ರೂಪಗಳನ್ನು ಕೇವಲ ಇಂಗ್ಲಿಷರ ಅಪಚಾರ ಎಂದು ಬಗೆಯುವುದು ಚರಿತ್ರೆಗೆ ಅನ್ಯಾಯ ಮಾಡಿದಂತೆ. ಇವುಗಳಲ್ಲಿ ಕೆಲವು ದಖ್ಖನಿ ಉರ್ದುವಿನ ಆಡುಮಾತಿನಲ್ಲಿ ಶತಮಾನಗಳಿಂದ ಬಾಳಿದ ಹೆಸರುಗಳೂ ಹೌದು, ಆ ಭಾಷೆಯವರ ಬಾಯಲ್ಲಿ ಅವು ತಪ್ಪಲ್ಲ. ತಪ್ಪಾದದ್ದು, ಊರಿನ ಬಹುಜನ ಆಡುವ ರೂಪಕ್ಕೆ ಸರಕಾರಿ ಪುಸ್ತಕದಲ್ಲಿ ಜಾಗವೇ ಇಲ್ಲದಂತಾದದ್ದು.

ಕಾಚಿಗೂಡವೂ ಈ ತೊಡಕಿಗೆ ಹೊರತಲ್ಲ. 1916ರಲ್ಲಿ ಕಟ್ಟಿದ ಇಲ್ಲಿನ ನಿಲ್ದಾಣ ರೈಲ್ವೆಯ ಇಂಗ್ಲಿಷಿನಲ್ಲಿ ‘ಕಾಚೇಗೂಡ’ ಎಂದು ಓದಿಸಿಕೊಳ್ಳುತ್ತದೆ, ತೆಲುಗಿನಲ್ಲಿ ಕಾಚಿಗೂಡ ಎಂದೇ ಇದೆ. ತೆಲುಗು ಲಿಪಿ ಹಿಡಿದಿಟ್ಟ ಇಕಾರವನ್ನು ರೋಮನ್ ಲಿಪಿ ಹಿಡಿಯಲಿಲ್ಲ.

ಕರ್ನಾಟಕ ಸರಕಾರ 2014ರ ನವೆಂಬರ್ 1ರಿಂದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಕ್ಕೆ ಹತ್ತಿರ ತಂದದ್ದು ದೊಡ್ಡ ಹೆಜ್ಜೆ. ಗುಲ್ಬರ್ಗಾ ಕಲಬುರಗಿಯಾದದ್ದು ಆಗಲೇ. ಅಲ್ಲಿನ ವಿಶ್ವವಿದ್ಯಾಲಯ ಮಾತ್ರ ಹಳೆಯ ಹೆಸರಿನಲ್ಲೇ ಮುಂದುವರಿದಿದೆ. ಆದರೆ ಹೊಸ ಹೆಸರುಗಳನ್ನು ಬರೆದದ್ದೂ ಗುರುತುಗಳಿಲ್ಲದ ಅದೇ ರೋಮನ್ ಅಕ್ಷರಗಳಲ್ಲಿ. ಹೊಸಪೇಟೆಯ ‘ಪೇ’ ಮತ್ತು ‘ಟೆ’ ಎರಡಕ್ಕೂ ಒಂದೇ ‘ಇ’ ಅಕ್ಷರ. ಬೆಳಗಾವಿಯನ್ನು ಹೊರನಾಡಿನವರು ‘ಬೆಲಗವಿ’ ಎಂದು ಓದಿದರೆ ಆ ಓದಿನ ತಪ್ಪು ಓದುಗನದಲ್ಲ. ಇದಕ್ಕೆ ಉಪಾಯ ಹೊಸದಾಗಿ ಹುಡುಕಬೇಕಾಗಿಲ್ಲ. 1972ರಲ್ಲಿ ವಿಶ್ವಸಂಸ್ಥೆಯ ಸ್ಥಳನಾಮ ಸಮ್ಮೇಳನ ಭಾರತೀಯ ಲಿಪಿಗಳಿಗೆ ಗುರುತುಸಹಿತವಾದ ಲಿಪ್ಯಂತರ ಕ್ರಮವನ್ನು ಒಪ್ಪಿಕೊಂಡಿದೆ. ಸಾಮಾನ್ಯ ಫಲಕಗಳಲ್ಲಿ ಆ ಗುರುತುಗಳು ಕಷ್ಟವೆನಿಸಿದರೂ, ಪ್ರತಿ ಗ್ರಾಮದ ಹೆಸರಿನ ಕನ್ನಡ ಲಿಪಿಯ ರೂಪವೇ ಮೂಲದಾಖಲೆಯಾಗಿ, ಉಳಿದೆಲ್ಲ ಲಿಪಿಗಳ ರೂಪ ನೇರವಾಗಿ ಅದರಿಂದ ಹುಟ್ಟುವಂತೆ ಮಾಡುವುದು ಸರಕಾರಕ್ಕೆ ಸಾಧ್ಯವಿರುವ ಕೆಲಸ. ಕನ್ನಡದಿಂದ ನಾಗರಿಗೆ ಹೋಗುವ ಹೆಸರು ರೋಮನ್ನಿನ ಮೇಲೆ ಹಾದುಹೋಗಬೇಕಾದ ಅಗತ್ಯವೇ ಇಲ್ಲ. ಳಕಾರವನ್ನು ಬರೆಯುವ ಅಕ್ಷರ ನಾಗರಿಯಲ್ಲೂ ಇದೆ.

ಸರಕಾರವನ್ನು ಕೇಳುವ ಮೊದಲು ಕನ್ನಡ ಪತ್ರಿಕೆಗಳು ತಮ್ಮ ಪುಟಗಳನ್ನು ತಿದ್ದಿಕೊಳ್ಳಬೇಕಾಗಿದೆ. ಹೈದರಾಬಾದಿನ ಸುದ್ದಿ ಇಂಗ್ಲಿಷ್ ಮೂಲದಿಂದ ಬಂದಾಗ, ಕನ್ನಡ ಲಿಪಿಗೆ ಅಕ್ಷರಕ್ಕಕ್ಷರ ಹೊಂದುವ ತೆಲುಗು ಲಿಪಿ ಪಕ್ಕದಲ್ಲೇ ಇದ್ದರೂ, ರೋಮನ್ ಕಾಗುಣಿತವನ್ನೇ ಊಹಿಸಿ ಬರೆಯುವ ಅಭ್ಯಾಸ ಬೇರೂರಿದೆ. ಈ ಸಂಚಿಕೆಯಿಂದ ನಮ್ಮ ಪತ್ರಿಕೆ ತೆಲಂಗಾಣದ ಊರುಗಳ ಹೆಸರನ್ನು ತೆಲುಗು ಬರವಣಿಗೆಯಿಂದ ನೇರವಾಗಿ ತೆಗೆದುಕೊಳ್ಳುತ್ತದೆ; ನಾರಾಯಣಪೇಟೆಯಂತಹ ಗಡಿಸೀಮೆಯಲ್ಲಿ ಕನ್ನಡಿಗರ ಬಾಯಲ್ಲಿ ಬೇರೆ ರೂಪವಿದ್ದರೆ ಅದನ್ನೂ ಜೊತೆಗೆ ಕೊಡುತ್ತದೆ. ಆ ಭಾಗದ ಓದುಗರು ತಮ್ಮ ಊರು, ಕೇರಿ, ಕೆರೆ, ಹಳ್ಳಗಳ ಹೆಸರನ್ನು ಮನೆಯ ಹಿರಿಯರು ಆಡುವಂತೆಯೇ, ಹ್ರಸ್ವ-ದೀರ್ಘಗಳನ್ನೂ ಳಕಾರ ಣಕಾರಗಳನ್ನೂ ಬಿಡದೆ, ಕನ್ನಡ ಲಿಪಿಯಲ್ಲಿ ಬರೆದು ಕಳುಹಿಸಿದರೆ ಅವನ್ನು ಮುಂದಿನ ಸಂಚಿಕೆಗಳಲ್ಲಿ ಪಟ್ಟಿಯಾಗಿ ಪ್ರಕಟಿಸಲಾಗುವುದು.