ಅಪ್ಪನ ಫೋನೂ, ಒಂದು ಅಪ್‌ಡೇಟೂ

ಮೊನ್ನೆ ಭಾನುವಾರ ಚಾಂಪಿಯನ್ ರೀಫ್ಸ್‌ನ ಮನೆಗೆ ಹೋದ ಕೂಡಲೇ ಅಪ್ಪ ಫೋನ್ ಕೈಗೆ ತುರುಕಿದರು. ಯಾವ ಜಾಹೀರಾತು ಕರೆಯೂ ಬೇಡ ಅಂತ 1909ಕ್ಕೆ ಎಸ್ಸೆಮ್ಮೆಸ್ ಕಳಿಸಿ ನೋಂದಾಯಿಸಿದ್ದರು. ಆದರೂ ಸಾಲದ ಕಂಪನಿಯೊಂದರಿಂದ ಕರೆ. ದೂರು ಕೊಟ್ಟರು. ಆಮೇಲೆ ತಂಗಿಯ ಮನೆ ಸಾಲಕ್ಕೆ ಬೇಕಾಗಬಹುದು ಅಂತ ಬ್ಯಾಂಕಿಂಗ್ ವಿಭಾಗವೊಂದನ್ನು ತೆರೆದರು. ಎರಡು ವಾರದ ಮೇಲೆ ಕಂಪನಿಯ ಉತ್ತರ: 'ನಮ್ಮ ದಾಖಲೆ ಪ್ರಕಾರ ನೀವು ಒಪ್ಪಿದ್ದೀರಿ.'

ಅಲ್ಲಾ ಸ್ವಾಮಿ, ಯಾವತ್ತು ಒಪ್ಪಿದ್ದು? ನೀವು ಕರೆ ಮಾಡಿದ ದಿನವೋ, ಟೇಬಲ್ ತೆಗೆದು ನೋಡಿದ ದಿನವೋ?

ಒಳಗೆ ಏನಾಗಿರುತ್ತೆ ಅಂತ ಊಹಿಸೋದು ಕಷ್ಟವಲ್ಲ, ಇಂಥ ಕೋಡ್ ನಾನೂ ಬರೆದಿದ್ದೇನೆ (ನಾಚಿಕೆಯಿಂದಲೇ ಹೇಳ್ತಿದ್ದೀನಿ). ಗ್ರಾಹಕನಿಗೆ ಒಂದು ಸಾಲು, ಅದರಲ್ಲಿ 'ಆಯ್ಕೆ' ಅನ್ನೋ ಕಾಲಂ. ಬದಲಾಯಿತಾ? ಅಪ್‌ಡೇಟ್ ಹೊಡಿ. ನಿನ್ನೆಯದು ಮಾಯ!

ಬದಲಾವಣೆ ಬಂದಾಗ ಹಳೆ ಸಾಲಿನ 'ವರೆಗೆ' ಕಾಲಂಗೆ ಸಮಯ ಹಾಕಿ ಮುಚ್ಚಿ, ಹೊಸ ಸಾಲು ಸೇರಿಸಿದರೆ ಸಾಕು. ಕ್ವೆರಿಯಲ್ಲಿ ಕರೆಯ ಸಮಯ ಕೊಡಿ: 'ಇಂದ' ಅದಕ್ಕಿಂತ ಹಿಂದಿನದು ಅಥವಾ ಅದೇ ಆಗಿರಬೇಕು, 'ವರೆಗೆ' ಅದಕ್ಕಿಂತ ಮುಂದಿನದು ಅಥವಾ ಖಾಲಿ ಇರಬೇಕು. ಆಯ್ಕೆ ನಮಗೆ ತಲುಪಿದ ಸಮಯಕ್ಕೆ ಇನ್ನೊಂದು ಕಾಲಂ ಬೇಕು, ಏಕೆಂದರೆ ಹೇಳಿದ್ದು ಒಂದು ದಿನ, ಜಾರಿಯಾಗೋದು ಇನ್ನೊಂದು ದಿನ. 2007ರಲ್ಲಿ ಶುರುವಾದ 'ಕರೆ ಬೇಡ' ನೋಂದಣಿಯಲ್ಲಿ ಈ ಅಂತರ 45 ದಿನ ಇತ್ತು!

'ಟೇಬಲ್ ಊದಿಕೊಳ್ಳುತ್ತೆ' ಅನ್ನೋದು ಮೀಟಿಂಗ್‌ಗಳಲ್ಲಿ ಕೇಳೋ ಮಾಮೂಲಿ ನೆಪ. ನಮ್ಮಪ್ಪ ವರ್ಷಕ್ಕೆ ಎಷ್ಟು ಸಲ ಮನಸ್ಸು ಬದಲಾಯಿಸ್ತಾರೆ ಅಂದ್ಕೊಂಡಿದ್ದೀರಿ? ಇದು ಹೊಸ ವಿದ್ಯೆಯೂ ಅಲ್ಲ. 2011ರ ಎಸ್‌ಕ್ಯೂಎಲ್ ಮಾನದಂಡದಲ್ಲೇ ಕಾಲಸಹಿತ ಟೇಬಲ್‌ಗಳಿವೆ. ಎಸ್‌ಕ್ಯೂಎಲ್ ಸರ್ವರ್ 2016ರಲ್ಲಿ, ಮಾರಿಯಾಡಿಬಿ 10.3ರಲ್ಲಿ ಹಳೆ ಸಾಲುಗಳನ್ನು ಡೇಟಾಬೇಸೇ ಕಾಪಾಡುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ: ಒಪ್ಪಿಗೆ ಹಿಂದಕ್ಕೆ ಪಡೆದರೂ ಅದಕ್ಕೂ ಮುಂಚೆ ನಡೆದದ್ದು ಕಾನೂನುಬದ್ಧವೇ ಅನ್ನುತ್ತೆ. ಮುಂಚೆ ಯಾವುದು, ಆಮೇಲೆ ಯಾವುದು ಅಂತ ಒಂದೇ ಸಾಲಿನ ಟೇಬಲ್ ಹೇಳುತ್ತಾ?

ಅಪ್ಪ ಗಣಿಯ ಟೈಮ್ ಆಫೀಸಿನಲ್ಲಿದ್ದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ. ಇದನ್ನೆಲ್ಲ ವಿವರಿಸಿದರೆ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಶಿಫ್ಟ್ ಬದಲಾಯ್ತು ಅಂತ ಹೋದ ವಾರದ ಹಾಜರಿ ಅಳಿಸಿದ್ರೆ ಜನ ಸುಮ್ಮನೆ ಬಿಡ್ತಿದ್ರೇನೋ? ಸಂಬಳ ಯಾವ ಲೆಕ್ಕದ ಮೇಲೆ ಕೊಡೋದು?"

1909ರಿಂದ ಬಂದಿದ್ದ ಹಳೆ ಉತ್ತರವನ್ನು ಅಪ್ಪ ಅಳಿಸಿರಲಿಲ್ಲ. ಅದರ ಸ್ಕ್ರೀನ್‌ಶಾಟ್ ಹಚ್ಚಿ ಕಂಪನಿಗೆ ಮತ್ತೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.